ಮೊಬೈಲು ಯಾರ ಕೈಯಲ್ಲಿದೆ?

(ಆಂಡರ್ಸನ್‌ಪೇಟೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆ, ಹೊಡೆತ ಬಡಿತಗಳ ಬಗ್ಗೆ ಮಾತಾಡಲು ಸೇರಿದ ಸಭೆಯಲ್ಲಿ ಕಂಪ್ಯೂಟರ್ ವಿಜ್ಞಾನಿಗಳ ಮಾತು ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಿಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ತಮಿಳು, ತೆಲುಗು ಆಡುವವರು. ನನ್ನ ಕನ್ನಡ ಎಲ್ಲಾದರೂ ಅರ್ಥವಾಗದಿದ್ದರೆ ನಡುವೆಯೇ ನಿಲ್ಲಿಸಿ ಕೇಳಿ. ಇಲ್ಲಿ ಕೇಳುವುದಕ್ಕೆ ಯಾರೂ ನಾಚಿಕೊಳ್ಳಬೇಕಾಗಿಲ್ಲ.

ಈಗ ನಮ್ಮ ಬಳಿ ಬರುವ ದೂರುಗಳನ್ನು ನೆನಪು ಮಾಡಿಕೊಳ್ಳಿ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಹೆಂಗಸರು ಹೇಳುತ್ತಿದ್ದುದು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೊಡೆದ, ತವರಿನಿಂದ ದುಡ್ಡು ತರಲಿಲ್ಲವೆಂದು ಹೊರಗೆ ಹಾಕಿದ, ಕುಡಿದು ಬಂದು ಒದ್ದ ಎಂಬ ಮಾತುಗಳನ್ನು. ಅವು ಇಂದಿಗೂ ನಿಂತಿಲ್ಲ. ಆದರೆ ಅವುಗಳ ಜೊತೆಗೆ ಈಗ ಇನ್ನೊಂದು ಸೇರಿಕೊಂಡಿದೆ. ಫೋನು ಕಿತ್ತುಕೊಂಡ. ಫೋನು ಒಡೆದು ಹಾಕಿದ. ತಾಯಿಗೆ ಫೋನು ಮಾಡಿದರೆ ಸ್ಪೀಕರ್ ಹಾಕಿ ಮಾತಾಡು ಅನ್ನುತ್ತಾನೆ. ಯಾರಿಗೆ ಮೆಸೇಜು ಹಾಕಿದೆ ತೋರಿಸು ಅನ್ನುತ್ತಾನೆ. ವಾಟ್ಸಾಪಿನಲ್ಲಿ ಬೈಕಿನ ಫೋಟೋ ಕಳಿಸಿ ‘ನಿಮ್ಮಪ್ಪನಿಗೆ ತೋರಿಸು’ ಎಂದು ಬರೆಯುತ್ತಾನೆ. ಹೀಗೆ ಮನೆಯ ಜಗಳದ ನಟ್ಟನಡುವೆ ಬಂದು ಕೂತಿರುವ ಈ ವಸ್ತುವನ್ನು ಯಾರು ಮಾಡಿದರು, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರು ಎಂದು ನಾವು ಕೇಳಬೇಡವೇ?

ಈ ಊರಿನವರಿಗೆ ಈ ಪ್ರಶ್ನೆ ಹೊಸದಾಗಬಾರದು. ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ನಿಮ್ಮ ಕೋಲಾರ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಇಲ್ಲಿಗೆ ಯಾಕೆ ಮೊದಲು ಬಂತು? ಗಣಿಯ ಯಂತ್ರ ಓಡಬೇಕಿತ್ತು, ಚಿನ್ನ ಮೇಲೆ ಬರಬೇಕಿತ್ತು. ಗಣಿ ಕೆಲಸಗಾರನ ಹೆಂಡತಿ ಕತ್ತಲಲ್ಲಿ ಅಡಿಗೆ ಮಾಡುತ್ತಾಳೆಂದು ಯಾರೂ ಆ ತಂತಿ ಎಳೆಯಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗಲೂ, ಮನೆ ನಡೆಸುವ ಹೆಂಗಸಿನ ಗತಿ ಏನೆಂದು ಮೊದಲು ಯೋಚಿಸಿದವರು ಕಡಿಮೆ. ಅಂದಿನಿಂದ ಎಷ್ಟು ಮನೆಗಳ ಹೆಣ್ಣುಮಕ್ಕಳು ಕತ್ತಲಿರುವಾಗಲೇ ಎದ್ದು ಬುತ್ತಿ ಕಟ್ಟಿಕೊಂಡು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ರೈಲು ಹಿಡಿಯುತ್ತಿದ್ದಾರೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಯಾವುದೇ ಯಂತ್ರ ಬರಲಿ, ಅದು ಯಾರಿಗಾಗಿ ಬಂತು ಎಂದು ಕೇಳುವ ಹಕ್ಕು ಇಂಥ ಊರಿನ ಹೆಂಗಸರಿಗೆ ಎಲ್ಲರಿಗಿಂತ ಹೆಚ್ಚಾಗಿದೆ.

ಆ ಪ್ರಶ್ನೆಯನ್ನೇ ತಮ್ಮ ಕಸುಬು ಮಾಡಿಕೊಂಡ ಇಬ್ಬರು ಹೆಣ್ಣುಮಕ್ಕಳ ಕೆಲಸವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಒಬ್ಬರು ಇಂದ್ರಾಣಿ ಮೇಧಿ ಥೀಸ್. ಇನ್ನೊಬ್ಬರು ನಿತ್ಯಾ ಸಾಂಬಶಿವನ್. ಇಬ್ಬರೂ ನಮ್ಮ ಬೆಂಗಳೂರಿನ ಬಡ ಬಡಾವಣೆಗಳಲ್ಲಿ ಓಡಾಡಿ, ನಮ್ಮಂಥ ಹೆಂಗಸರನ್ನು ಕೇಳಿ, ಆಮೇಲೆ ಲೋಕದ ವಿಜ್ಞಾನಿಗಳಿಗೆ ಪಾಠ ಹೇಳಿದವರು.

ಕುಂದು ಯಾರದು?

ಇವರ ವಿಜ್ಞಾನಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮನುಷ್ಯರಿಗೂ ಕಂಪ್ಯೂಟರಿಗೂ ನಡುವೆ ನಡೆಯುವ ವ್ಯವಹಾರದ ಶಾಸ್ತ್ರ. ರುಬ್ಬುವ ಗುಂಡಿನ ಹಿಡಿ ಕೈಗೆ ಹೊಂದದಿದ್ದರೆ ಕೈ ಬೊಬ್ಬೆ ಬರುತ್ತದೆ. ಆಗ ನಾವು ಹಿಡಿ ಸರಿಯಿಲ್ಲ ಎನ್ನುತ್ತೇವೆಯೇ ಹೊರತು ಕೈ ಸರಿಯಿಲ್ಲ ಎನ್ನುವುದಿಲ್ಲ. ಆದರೆ ಬ್ಯಾಂಕಿನ ಎಟಿಎಂ ಮುಂದೆ ನಿಂತು ಏನು ಒತ್ತಬೇಕೋ ತಿಳಿಯದಾದಾಗ ಏನು ಹೇಳುತ್ತೇವೆ? ‘ನಾನು ಓದಿಲ್ಲಮ್ಮ, ನನಗೆ ತಲೆ ಓಡಲ್ಲ’ ಎಂದು ನಮ್ಮನ್ನೇ ಹಳಿದುಕೊಳ್ಳುತ್ತೇವೆ. ಹಿಂದೆ ಕ್ಯೂನಲ್ಲಿ ನಿಂತ ಗಂಡಸು ಗೊಣಗುತ್ತಾನೆ, ನಾವು ತಲೆ ತಗ್ಗಿಸಿ ಕಾರ್ಡು ಮಗನ ಕೈಗೆ ಕೊಡುತ್ತೇವೆ. ಈ ಶಾಸ್ತ್ರ ಮೊದಲು ಹೇಳುವ ಮಾತು ಇದು: ಬಳಸುವವಳಿಗೆ ಯಂತ್ರ ತಿಳಿಯದಿದ್ದರೆ ಕುಂದು ಯಂತ್ರ ಮಾಡಿದವನದು. ಅವನು ನಿನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

2005ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಬೆಂಗಳೂರಿನಲ್ಲಿ ಒಂದು ಸಂಶೋಧನಾಲಯ ತೆರೆಯಿತು. ಬಡವರ ಬದುಕಿನಲ್ಲಿ ಕಂಪ್ಯೂಟರು, ಮೊಬೈಲು ಏನು ಮಾಡೀತು ಎಂದು ನೋಡಲು ಅಲ್ಲಿ ಒಂದು ತಂಡವಿತ್ತು. ಕೆಂಟಾರೋ ತೊಯಾಮಾ ಎಂಬವರು ಅದನ್ನು ಕಟ್ಟಿದರು. ಇಂದ್ರಾಣಿ ಮೇಧಿ ಆ ತಂಡದಲ್ಲಿದ್ದವರು. ವಿನ್ಯಾಸ ಅವರು ಕಲಿತ ವಿದ್ಯೆ. ಅಮೆರಿಕದ ಶಿಕಾಗೋದಲ್ಲಿ ಅದನ್ನು ಓದಿದ್ದರು, ಮುಂದೆ ಮುಂಬಯಿಯ ಐಐಟಿಯಲ್ಲಿ ಡಾಕ್ಟರೇಟ್ ಮಾಡಿದರು. ಅಕ್ಷರ ಬಾರದವರು ಯಾರ ಸಹಾಯವೂ ಇಲ್ಲದೆ ತಾವೇ ಬಳಸುವಂಥ ಕಂಪ್ಯೂಟರ್ ಪರದೆ ಹೇಗಿರಬೇಕು? ಇದು ಅವರು ಹಿಡಿದ ಪ್ರಶ್ನೆ. ವರ್ಷಗಟ್ಟಲೆ ಇದೊಂದೇ ಪ್ರಶ್ನೆಯ ಹಿಂದೆ ಹೋದರು.

ಅವರು ಹೋದದ್ದು ಮನೆಗೆಲಸ ಮಾಡುವ ಹೆಂಗಸರ ಬಳಿಗೆ. ಒಬ್ಬರೇ ಹೋಗಲಿಲ್ಲ. ಬೆಂಗಳೂರಿನಲ್ಲಿ ಮನೆಗೆಲಸದವರನ್ನು ಸಂಘಟಿಸುತ್ತಿದ್ದ ಸ್ತ್ರೀ ಜಾಗೃತಿ ಸಮಿತಿಯ ಜೊತೆ ಹೋದರು. ನಮ್ಮ ಚಳವಳಿಯವರಿಗೆ ಆ ಹೆಸರು ಗೊತ್ತು. ಸಮಿತಿಯ ಮೇಲಿನ ನಂಬಿಕೆಯಿಂದ ಹೆಂಗಸರು ಬಾಯಿ ಬಿಟ್ಟರು. ಸಂಘಟನೆ ಇಲ್ಲದ ಕಡೆ ವಿಜ್ಞಾನಿಗೂ ಬಾಗಿಲು ತೆರೆಯುವುದಿಲ್ಲ, ಇದನ್ನು ಗಮನಿಸಿ.

ಮನೆಗೆಲಸ ಹುಡುಕುವುದು ಹೇಗೆಂದು ನಿಮಗೆ ಗೊತ್ತು. ಪಕ್ಕದ ಮನೆಯವಳು ಹೇಳಬೇಕು, ಇಲ್ಲವೇ ಗೇಟಿನಿಂದ ಗೇಟಿಗೆ ಅಲೆಯಬೇಕು. ಎಲ್ಲಿ ಕೆಲಸವಿದೆ, ಎಷ್ಟು ಸಂಬಳ, ಏನೇನು ಕೆಲಸ, ಎಷ್ಟು ದೂರ ಎಂಬುದನ್ನು ಒಂದು ಕಂಪ್ಯೂಟರಿನಲ್ಲಿಟ್ಟು, ಓದು ಬಾರದವಳೂ ತಾನೇ ನೋಡಿ ಆರಿಸಿಕೊಳ್ಳುವಂತೆ ಮಾಡಬೇಕೆಂದು ಇವರು ಹೊರಟರು. ಪರದೆಯ ಮೇಲೆ ಅಕ್ಷರವೇ ಇಲ್ಲ. ಚಿತ್ರ, ಮಾತು, ಮತ್ತು ಅಂಕಿ. ಅಂಕಿ ಯಾಕೆ ಉಳಿಸಿದರು? ಅಕ್ಷರ ಬಾರದ ಹೆಂಗಸರಿಗೂ ಅಂಕಿ ಬರುತ್ತಿತ್ತು. ದುಡ್ಡು ಎಣಿಸುವವಳಿಗೆ, ಬಸ್ಸಿನ ನಂಬರು ನೋಡಿ ಹತ್ತುವವಳಿಗೆ ಅಂಕಿ ಬಾರದೆ ಇರುತ್ತದೆಯೇ? ‘ಅನಕ್ಷರಸ್ಥೆ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಇದನ್ನು ನೋಡಿರುವುದಿಲ್ಲ.

ಚಿತ್ರ ಬರೆಯುವುದು ಸುಲಭವೆಂದುಕೊಳ್ಳಬೇಡಿ. ಪಾತ್ರೆ ತೊಳೆಯುವ ಕೆಲಸಕ್ಕೆ ಒಂದು ನಲ್ಲಿ, ಒಂದಿಷ್ಟು ಪಾತ್ರೆ ಬರೆದು ತೋರಿಸಿದರೆ ಹೆಂಗಸರು ‘ಇದು ಅಡಿಗೆಮನೆ’ ಅಂದರು, ‘ಪಾತ್ರೆ’ ಅಂದರು. ತೊಳೆಯುವ ಕೆಲಸ ಅಂತ ಹೊಳೆಯಲಿಲ್ಲ. ನಲ್ಲಿಯಿಂದ ನೀರು ಹರಿಯುವಂತೆ ತೋರಿಸಿದ ಮೇಲೆ ಅದು ಕೆಲಸವೆಂದು ತಿಳಿಯಿತು. ಸುಮ್ಮನೆ ಕೂತ ಪಾತ್ರೆ ಒಂದು ವಸ್ತು, ನೀರು ಹರಿದರೆ ಅಲ್ಲಿ ದುಡಿಮೆ ನಡೆಯುತ್ತಿದೆ ಎಂದರ್ಥ. ದುಡಿಯುವವಳ ಕಣ್ಣಿಗೆ ಇದು ಸಹಜ. ನಿಜವಾದ ಫೋಟೋಗಿಂತ, ಏನೂ ತಿಳಿಯದ ಗುರುತಿನಂಥ ಚಿಹ್ನೆಗಿಂತ, ಕೈಯಲ್ಲಿ ಬರೆದ ಸರಳ ಚಿತ್ರವೇ ಅವರಿಗೆ ಹಿಡಿಸಿತು. ಊರಿನ ನಕ್ಷೆ ತಿಳಿಯುವುದು ಕಷ್ಟವಾದಾಗ, ಎಲ್ಲರಿಗೂ ಗೊತ್ತಿರುವ ಹೆಗ್ಗುರುತುಗಳನ್ನು ಅದರಲ್ಲಿ ಸೇರಿಸಿದರು. ನಾವು ದಾರಿ ಹೇಳುವುದೂ ಹಾಗೇ ಅಲ್ಲವೇ?

ಇಷ್ಟೆಲ್ಲ ಮಾಡಿದ ಮೇಲೂ ಹೆಂಗಸರು ಕಂಪ್ಯೂಟರ್ ಮುಟ್ಟಲು ಹಿಂಜರಿದರು. ಏನು ಒತ್ತಿದರೆ ಏನಾಗುತ್ತದೆ ಎಂದು ತಿಳಿಸಿಕೊಟ್ಟಿದ್ದರೂ ಮುಂದೆ ಬರಲಿಲ್ಲ. ಇಂದ್ರಾಣಿ ಇದನ್ನು ಹೆಂಗಸರ ದಡ್ಡತನವೆಂದು ಬರೆದುಕೊಂಡು ಮನೆಗೆ ಹೋಗಲಿಲ್ಲ. ಕೂತು ಕೇಳಿದರು. ಆಗ ತಿಳಿದದ್ದೇನೆಂದರೆ, ಈ ಪೆಟ್ಟಿಗೆಯೊಳಗೆ ಕೆಲಸದ ವಿವರ ಹೇಗೆ ಬಂತು, ಯಾರು ಹಾಕಿದರು, ಇದನ್ನು ಒತ್ತಿದರೆ ತನಗೆ ಕೆಲಸ ಹೇಗೆ ಸಿಗುತ್ತದೆ ಎಂಬ ಹಿಂದುಮುಂದು ಅವರಿಗೆ ಯಾರೂ ಹೇಳಿರಲಿಲ್ಲ. ಮುಟ್ಟಿದರೆ ಕೆಟ್ಟುಹೋದೀತು ಎಂಬ ಭಯವೂ ಇತ್ತು. ಅದಕ್ಕೆ ಅವರು ಒಂದು ಸಣ್ಣ ನಾಟಕವನ್ನು ವಿಡಿಯೋ ಮಾಡಿದರು. ಒಂದು ಮನೆಯವರಿಗೆ ಕೆಲಸದವಳು ಬೇಕು, ಅವರು ವಿವರ ಹೇಳುತ್ತಾರೆ, ಅದು ಕಂಪ್ಯೂಟರಿಗೆ ಹೋಗುತ್ತದೆ, ಕೆಲಸ ಬೇಕಾದ ಹೆಂಗಸು ಬಂದು ನೋಡುತ್ತಾಳೆ, ಅವಳಿಗೆ ಕೆಲಸ ಸಿಗುತ್ತದೆ. ಆದಿಯಿಂದ ಅಂತ್ಯದವರೆಗೆ ಕಥೆ. ಈ ಕಥೆ ನೋಡಿದ ಹೆಂಗಸರು ನೋಡದವರಿಗಿಂತ ಎಷ್ಟೋ ಚೆನ್ನಾಗಿ ಆ ಯಂತ್ರ ನಡೆಸಿದರು. 2006, 2007ರಲ್ಲಿ ಈ ಕೆಲಸಗಳು ಪ್ರಕಟವಾದವು.

ನಮಗೆ ಇದರಲ್ಲಿ ಒಂದು ಪಾಠವಿದೆ. ನಾವೂ ಸಭೆಗಳಲ್ಲಿ ‘ಕಾಯಿದೆ ಇದೆ, ಅರ್ಜಿ ಕೊಡಿ’ ಎಂದು ಹೇಳಿ ಹೋಗುತ್ತೇವೆ. ಅರ್ಜಿ ಕೊಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ, ಯಾರು ಓದುತ್ತಾರೆ, ಗಂಡನಿಗೆ ನೋಟೀಸು ಯಾವಾಗ ಬರುತ್ತದೆ, ಆ ರಾತ್ರಿ ಅವಳು ಎಲ್ಲಿ ಮಲಗಬೇಕು ಎಂಬ ಕಥೆ ಹೇಳದಿದ್ದರೆ ಯಾವ ಹೆಂಗಸು ಅರ್ಜಿ ಬರೆಯುತ್ತಾಳೆ?

ಡಬ್ಬದೊಳಗೆ ಡಬ್ಬ

ಮುಂದೆ ಇಂದ್ರಾಣಿಯವರ ಕೆಲಸ ಕಂಪ್ಯೂಟರಿನಿಂದ ಮೊಬೈಲಿಗೆ ಬಂತು. ಭಾರತ, ಕೀನ್ಯಾ, ಫಿಲಿಪ್ಪೀನ್ಸ್, ದಕ್ಷಿಣ ಆಫ್ರಿಕ ಈ ನಾಲ್ಕು ದೇಶಗಳಲ್ಲಿ 90 ಜನ ಬಡವರನ್ನು ಅವರ ತಂಡ ಕಂಡು ಮಾತಾಡಿಸಿತು. ಮೊಬೈಲಿನಲ್ಲಿ ಹಣ ಕಳಿಸುವ ಕೆಲಸವನ್ನು ಅಕ್ಷರದ ಪಟ್ಟಿಯಲ್ಲಿ, ಚಿತ್ರ ಮತ್ತು ಧ್ವನಿಯಲ್ಲಿ, ಬರೀ ಮಾತಿನಲ್ಲಿ ಹೀಗೆ ಬೇರೆ ಬೇರೆ ರೀತಿ ಮಾಡಿಸಿ 58 ಜನರ ಮೇಲೆ ಪರೀಕ್ಷೆ ಮಾಡಿದರು. 2011ರಲ್ಲಿ ಇದು ಅಚ್ಚಾಯಿತು. ಅಕ್ಷರದ ಪಟ್ಟಿ ಯಾರಿಗೂ ಬೇಡವಾಯಿತು. ಚಿತ್ರವೂ ಧ್ವನಿಯೂ ಇದ್ದದ್ದರಲ್ಲಿ ಹೆಚ್ಚು ಮಂದಿ ಕೆಲಸ ಮುಗಿಸಿದರು. ಬರೀ ಮಾತಿನದರಲ್ಲಿ ಬೇಗ ಮುಗಿಯಿತು, ಇನ್ನೊಬ್ಬರ ಸಹಾಯ ಬೇಕಾದದ್ದೂ ಕಡಿಮೆ.

2013ರಲ್ಲಿ ಅವರೂ ಜೊತೆಯವರೂ ಇನ್ನೊಂದು ವಿಷಯ ಹೊರತಂದರು. ಮೊಬೈಲಿನಲ್ಲಿ ಒಂದು ಒತ್ತಿದರೆ ಅದರೊಳಗೆ ಇನ್ನೊಂದು ಪಟ್ಟಿ, ಅದರೊಳಗೆ ಮತ್ತೊಂದು ಪಟ್ಟಿ ಬರುತ್ತದಲ್ಲ, ಡಬ್ಬದೊಳಗೆ ಡಬ್ಬ ಇಟ್ಟ ಹಾಗೆ, ಶಾಲೆಯ ಓದು ಕಡಿಮೆ ಇದ್ದವರಿಗೆ ಅದು ಚಿತ್ರದಲ್ಲಿದ್ದರೂ ಕಷ್ಟ. ಅಡಿಗೆಮನೆಯ ಹಲಗೆಯ ಮೇಲೆ ಸಾಲಾಗಿ ಇಟ್ಟ ಡಬ್ಬಗಳಂತೆ ಎಲ್ಲ ಒಂದೇ ಸಾಲಿನಲ್ಲಿ ಕಂಡರೆ ಹುಡುಕುವುದು ಸುಲಭ. ವಾಟ್ಸಾಪಿನಲ್ಲಿ ಧ್ವನಿ ಕಳಿಸುವುದು ನಮಗೆ ಒಂದೇ ದಿನಕ್ಕೆ ಬಂದು, ಸರ್ಕಾರದ ಅರ್ಜಿ ತುಂಬುವುದು ವರ್ಷವಾದರೂ ಬಾರದಿರುವುದು ಯಾಕೆಂದು ಈಗ ತಿಳಿಯಿತೇ? ಅದು ನಿಮ್ಮ ಬುದ್ಧಿಯ ಕೊರತೆಯಲ್ಲ. ಓದಿದವರು ಓದಿದವರಿಗಾಗಿ ಕಟ್ಟಿದ ಮನೆಗೆ ನಿಮ್ಮನ್ನು ಕರೆದು ಬಾಗಿಲು ಹುಡುಕಿಕೊಳ್ಳಿ ಎಂದಿದ್ದಾರೆ.

ಹಾಗಾದರೆ ಒಳ್ಳೆಯ ಪರದೆ ಮಾಡಿಬಿಟ್ಟರೆ ನಮ್ಮ ಕಷ್ಟ ತೀರುತ್ತದೆಯೇ? ಆ ತಂಡ ಕಟ್ಟಿದ ಕೆಂಟಾರೋ ತೊಯಾಮಾ ಅವರೇ ಇಲ್ಲ ಎಂದರು. ಭಾರತದಲ್ಲಿ ವರ್ಷಗಳ ಕಾಲ ಇಂಥ ಪ್ರಯೋಗಗಳನ್ನು ನೋಡಿದ ಮೇಲೆ, 2015ರಲ್ಲಿ ಅವರು ಒಂದು ಪುಸ್ತಕ ಬರೆದರು. ಯಂತ್ರ ತಾನಾಗಿ ಒಳ್ಳೆಯದನ್ನು ತರುವುದಿಲ್ಲ, ಈಗಾಗಲೇ ಇರುವ ಶಕ್ತಿಯನ್ನು ಅದು ಹೆಚ್ಚು ಮಾಡುತ್ತದೆ ಅಷ್ಟೆ ಎಂಬುದು ಅವರ ವಾದ. ಮೈಕು ಹಿಡಿದವನ ದನಿ ದೊಡ್ಡದಾಗುತ್ತದೆ, ಅವನು ಬೈದರೆ ಬೈಗುಳವೂ ದೊಡ್ಡದಾಗುತ್ತದೆ. ಯಜಮಾನಿಕೆ ಗಂಡಿನ ಕೈಯಲ್ಲಿರುವ ಮನೆಗೆ ಮೊಬೈಲು ಬಂದರೆ ಯಜಮಾನಿಕೆಗೇ ಬಲ. ಸಂಘ ಗಟ್ಟಿಯಾಗಿರುವ ಕಡೆ ಬಂದರೆ ಸಂಘಕ್ಕೆ ಬಲ. ಮನೆಗೆಲಸದವರ ವಿಷಯದಲ್ಲೇ ನೋಡಿ. ಕೆಲಸ ಎಲ್ಲಿದೆಯೆಂದು ಕಂಪ್ಯೂಟರು ತೋರಿಸೀತು, ಸಂಬಳ ಹೆಚ್ಚು ಮಾಡಲಾರದು. ದೇಶದಲ್ಲಿ ಮೊದಲಾಗಿ ಕರ್ನಾಟಕದಲ್ಲಿ 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತು ಮಾಡಿದ ಆದೇಶ ಬಂತು. ಅದರ ಹಿಂದೆ ಇದ್ದದ್ದು ಬೀದಿಗಿಳಿದು ಕೇಳಿದ ಹೆಂಗಸರ ಸಂಘಟನೆಗಳು.

ಮನೆಯ ಫೋನು, ಯಾರ ಫೋನು?

ಈಗ ನಿತ್ಯಾ ಸಾಂಬಶಿವನ್ ಅವರ ವಿಷಯಕ್ಕೆ ಬರುತ್ತೇನೆ. ಅವರು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದಾಗ ಬೆಂಗಳೂರಿನ ಕೊಳೆಗೇರಿಗಳಲ್ಲಿ ಓಡಾಡಿದರು. 2010ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಲೇಖನದ ವಿಷಯ ನಮಗೆಲ್ಲ ಗೊತ್ತಿರುವುದೇ: ಒಂದು ಫೋನನ್ನು ಒಬ್ಬರೇ ಬಳಸುವುದಿಲ್ಲ. ಅಮ್ಮನಿಗೆ ಮಗಳು ನಂಬರು ಒತ್ತಿಕೊಡುತ್ತಾಳೆ. ಪಕ್ಕದ ಮನೆಯ ಹುಡುಗ ಮೆಸೇಜು ಓದಿ ಹೇಳುತ್ತಾನೆ. ಫೋನನ್ನು ಮುಟ್ಟದೆಯೇ ಫೋನಿನ ಪ್ರಯೋಜನ ಪಡೆಯುವವರು ಎಷ್ಟೋ ಮಂದಿ. ಒಬ್ಬ ಮನುಷ್ಯ, ಒಂದು ಯಂತ್ರ ಎಂದು ಲೆಕ್ಕ ಹಾಕುತ್ತಿದ್ದ ವಿಜ್ಞಾನಿಗಳಿಗೆ ಇದು ಹೊಸ ಪಾಠವಾಯಿತು.

ನಡುವೆ ನಿಂತು ಸಹಾಯ ಮಾಡುವ ಮಗಳು ಒಳ್ಳೆಯದೇ. ಆದರೆ ನಡುವೆ ನಿಂತವನು ಹೊಡೆಯುವ ಗಂಡನೇ ಆದರೆ? ವರದಕ್ಷಿಣೆ ಸಾಲದೆಂದು ಚುಚ್ಚುವ ಅತ್ತೆಯೇ ಆದರೆ?

ಮುಂದೆ ಗೂಗಲ್ ಕಂಪನಿಯಲ್ಲಿದ್ದಾಗ ನಿತ್ಯಾ ಮತ್ತು ಸಂಗಡಿಗರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ 199 ಹೆಂಗಸರನ್ನು ಮಾತಾಡಿಸಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ತಿಳಿದದ್ದೇನು? ನಮ್ಮ ಕಡೆ ಹೆಂಗಸಿನ ಫೋನು ಮನೆಯವರೆಲ್ಲರ ಫೋನು. ಮಕ್ಕಳು ಆಡಲು ಕೇಳುತ್ತಾರೆ, ಗಂಡ ನೋಡುತ್ತಾನೆ, ಅತ್ತೆ ಕೇಳುತ್ತಾಳೆ. ಕೊಡುವುದಿಲ್ಲವೆಂದರೆ ‘ಏನೋ ಮುಚ್ಚಿಡುತ್ತಿದ್ದಾಳೆ’ ಎಂಬ ಮಾತು. ಹಾಗೆಂದು ಹೆಂಗಸರು ಕೈಕಟ್ಟಿ ಕೂತಿಲ್ಲ. ಫೋನಿಗೆ ಲಾಕ್ ಹಾಕುತ್ತಾರೆ. ಫೋನಿಗೆ ಹಾಕಲಾಗದಿದ್ದರೆ ಒಳಗಿನ ಒಂದೆರಡಕ್ಕೆ ಮಾತ್ರ ಹಾಕುತ್ತಾರೆ. ಕೊಡುವ ಮುಂಚೆ ಒಂದೊಂದೇ ಮೆಸೇಜನ್ನೋ, ಇಡೀ ಮಾತುಕತೆಯನ್ನೋ ಅಳಿಸುತ್ತಾರೆ. ಕೆಲವರು ಕೆಲವನ್ನು ಬಳಸುವುದನ್ನೇ ಬಿಟ್ಟಿದ್ದಾರೆ. ತವರಿಗೆ ಬರೆದ ಕಾಗದವನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿಡುತ್ತಿದ್ದ ನಮ್ಮ ಅಜ್ಜಿಯರ ಉಪಾಯವೇ ಇದು.

ಅದೇ ತಂಡ 2019ರಲ್ಲಿ ಇನ್ನೊಂದು ಅಧ್ಯಯನ ಹೊರತಂದಿತು. ಆ ಹೆಂಗಸರಲ್ಲಿ ಹೆಚ್ಚಿನವರು ಫೋನಿನ ಮೂಲಕ ಕಿರುಕುಳ ಉಂಡಿದ್ದರು. ಬೆನ್ನು ಬಿಡದೆ ಕರೆ, ಮೆಸೇಜು ಮಾಡುವುದು, ಅವರ ಹೆಸರಿನಲ್ಲಿ ಸುಳ್ಳು ಖಾತೆ ತೆರೆಯುವುದು, ಖಾಸಗಿ ಫೋಟೋ ಹರಡುವುದು. ಇದರಿಂದ ಮನಸ್ಸು ಕೆಡುವುದಷ್ಟೇ ಅಲ್ಲ, ಮಾನ ಹೋಗುತ್ತದೆಂಬ ಭಯ, ಮನೆಯಲ್ಲಿ ಹೊಡೆತ ಎಲ್ಲವೂ ಆದವು. ಪೊಲೀಸರ ಬಳಿಗೆ ಹೋದವರು ಬಹಳ ಕಡಿಮೆ. ನಂಬಿಕೆಯವರ ಬಳಿ ಹೇಳಿಕೊಂಡವರೇ ಹೆಚ್ಚು. ಆ ನಂಬಿಕೆಯವರು ಯಾರಾಗಬೇಕು? ನಾವಾಗಬೇಕು, ನಮ್ಮ ಸಂಘ ಆಗಬೇಕು.

ನಮ್ಮ ಲೆಕ್ಕವನ್ನೂ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ತಾವೇ ಬಳಸುವ ಮೊಬೈಲು ಇದ್ದ ಹೆಂಗಸರು ನೂರಕ್ಕೆ 54 ಮಂದಿ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ಯೋಚಿಸಿ. ಹೊಡೆಸಿಕೊಂಡವಳ ಕೈಯಲ್ಲಿ ಸಹಾಯ ಕೇಳಲು ಫೋನು ಇದೆಯೇ?

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟಿನಲ್ಲಿ ಶುರುವಾದಾಗ ಮನೆಯ ಯಜಮಾನಿಯ ಹೆಸರಿಗೆ ತಿಂಗಳಿಗೆ 2,000 ರೂಪಾಯಿ ಎಂದರು. ಯಜಮಾನಿ ಎಂಬ ಪದ ಸರ್ಕಾರದ ಕಾಗದದಲ್ಲಿ ಬಂದದ್ದೇ ಸಂತೋಷ. ಆದರೆ ದುಡ್ಡು ಬಂತೆಂಬ ಮೆಸೇಜು ಯಾರ ಫೋನಿಗೆ ಬರುತ್ತದೆ? ಎಟಿಎಂ ಕಾರ್ಡಿನ ಗುಟ್ಟಿನ ಅಂಕಿ ಯಾರಿಗೆ ಗೊತ್ತು? ಖಾತೆ ಅವಳದು, ನಂಬರು ಗಂಡನದು ಆದರೆ ಆ ದುಡ್ಡಿನ ಯಜಮಾನ ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಏನು ಮಾಡಬೇಕು?

ಒಂದೊಂದಾಗಿ ಹೇಳುತ್ತೇನೆ. ಮನೆಗೆ ಹೋಗಿ ಪಕ್ಕದವರಿಗೂ ಹೇಳಿ.

ಮೊದಲನೆಯದು, ನಿಮ್ಮ ಸಿಮ್ ನಿಮ್ಮ ಹೆಸರಿನಲ್ಲಿರಲಿ. ಬ್ಯಾಂಕಿನ ಖಾತೆಗೆ ನಿಮ್ಮ ನಂಬರೇ ಸೇರಿರಲಿ. ಸಂಘದ ಉಳಿತಾಯ, ಸಾಲದ ಮೆಸೇಜುಗಳೂ ಅದಕ್ಕೇ ಬರಲಿ. ಓಟಿಪಿ ಎಂದು ಬರುವ ಅಂಕಿ ನಿಮ್ಮ ಟ್ರಂಕಿನ ಬೀಗದ ಕೈ ಇದ್ದ ಹಾಗೆ, ಯಾರಿಗೂ ಓದಿ ಹೇಳಬೇಡಿ. ಓದಲು ಬಾರದಿದ್ದರೆ ಫೋನೇ ಕನ್ನಡದಲ್ಲಿ, ತಮಿಳಿನಲ್ಲಿ ಓದಿ ಹೇಳುವಂತೆ ಮಾಡಬಹುದು. ನಿಮ್ಮ ಸಂಘದ ಓದಿದ ಹೆಣ್ಣುಮಗಳಿಂದ ಅದನ್ನು ಹಾಕಿಸಿಕೊಳ್ಳಿ.

ಎರಡನೆಯದು, ಬೆದರಿಕೆಯ ಮೆಸೇಜು, ವರದಕ್ಷಿಣೆ ಕೇಳಿದ ಮಾತು ಬಂದರೆ ಅಸಹ್ಯವಾಯಿತೆಂದು ಅಳಿಸಬೇಡಿ. ಅದು ಸಾಕ್ಷಿ. ತಾರೀಖು, ಸಮಯ, ನಂಬರು ಕಾಣುವಂತೆ ಪರದೆಯ ಫೋಟೋ ತೆಗೆಯಿರಿ. ಮನೆಯಲ್ಲಿ ಫೋನು ನೋಡುವವರಿದ್ದರೆ ಅದನ್ನು ನಂಬಿಕೆಯ ಗೆಳತಿಗೆ ಕಳಿಸಿ, ಆಮೇಲೆ ಕಳಿಸಿದ ಗುರುತನ್ನು ನಿಮ್ಮ ಫೋನಿನಿಂದ ತೆಗೆಯಿರಿ. ಫೋನೇ ಇಲ್ಲದವರು ಯಾವ ದಿನ ಏನು ನಡೆಯಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ ಸಂಘದ ಒಬ್ಬರ ಬಳಿ ಇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಫೋನಿನಲ್ಲಿರುವುದನ್ನು ನ್ಯಾಯಾಲಯಕ್ಕೆ ಕೊಡುವಾಗ ಒಂದು ಪ್ರಮಾಣಪತ್ರ ಬೇಕು. ಅದನ್ನು ವಕೀಲರು ಮಾಡಿಸುತ್ತಾರೆ. ಆದ್ದರಿಂದ ಮೆಸೇಜು ಬಂದ ಮೂಲ ಫೋನನ್ನು ಮಾರಬೇಡಿ, ಬಿಸಾಡಬೇಡಿ. ಗಂಡ ಹೆಂಡತಿಯ ನಡುವಿನ ವ್ಯಾಜ್ಯದಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಿದ ಫೋನಿನ ಮಾತನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿದೆ. ಈ ತೀರ್ಪು ಎರಡು ಕಡೆಗೂ ಅನ್ವಯಿಸುತ್ತದೆ, ನಿಮ್ಮ ಮಾತನ್ನೂ ಅವನು ರೆಕಾರ್ಡ್ ಮಾಡಬಹುದು ಎಂಬ ಎಚ್ಚರವಿರಲಿ.

ಮೂರನೆಯದು, ನೀವು ಹೋದಲ್ಲೆಲ್ಲ ಅವನಿಗೆ ಹೇಗೋ ತಿಳಿಯುತ್ತಿದ್ದರೆ, ನಿಮ್ಮ ಮಾತು ಅವನಿಗೆ ಗೊತ್ತಾಗುತ್ತಿದ್ದರೆ, ಫೋನಿನ ಮೇಲೆ ಅನುಮಾನ ಪಡಿ. ವಾಟ್ಸಾಪಿನಲ್ಲಿ ‘ಲಿಂಕ್ಡ್ ಡಿವೈಸಸ್’ ಎಂಬ ಕಡೆ ನೋಡಿದರೆ ಬೇರೆ ಯಾವ ಯಂತ್ರದಲ್ಲಿ ನಿಮ್ಮ ವಾಟ್ಸಾಪು ತೆರೆದಿದೆ ಎಂದು ಕಾಣುತ್ತದೆ. ನೀವಿರುವ ಜಾಗ ತೋರಿಸುವ ವ್ಯವಸ್ಥೆ ಯಾರಿಗೆ ಹೋಗುತ್ತಿದೆ ಎಂದೂ ನೋಡಬಹುದು. ಆದರೆ ಇಲ್ಲಿ ಒಂದು ಮಾತು ಬಹಳ ಮುಖ್ಯ. ಕಾವಲನ್ನು ದಿಢೀರೆಂದು ಕಿತ್ತುಹಾಕಿದರೆ ಅವನಿಗೆ ತಕ್ಷಣ ತಿಳಿಯುತ್ತದೆ, ಆ ರಾತ್ರಿ ಹೊಡೆತ ಹೆಚ್ಚಾಗಬಹುದು. ಮೊದಲು ನಿಮಗೆ, ಮಕ್ಕಳಿಗೆ ಸುರಕ್ಷಿತವಾದ ಜಾಗ ಗೊತ್ತು ಮಾಡಿಕೊಳ್ಳಿ. ಸಹಾಯ ಕೇಳಲು ಆ ಫೋನನ್ನು ಬಳಸದೆ ಗೆಳತಿಯ ಫೋನಿನಿಂದ, ಅಂಗನವಾಡಿಯ ಟೀಚರ್ ಫೋನಿನಿಂದ ಮಾತಾಡಿ.

ನಾಲ್ಕನೆಯದು, ಈ ನಂಬರುಗಳನ್ನು ಬಾಯಿಪಾಠ ಮಾಡಿ. ಪ್ರಾಣಕ್ಕೆ ಅಪಾಯವಾದರೆ 112. ಮಹಿಳಾ ಸಹಾಯವಾಣಿ 181. ಉಚಿತ ಕಾನೂನು ನೆರವಿಗೆ 15100. ಫೋನಿನಲ್ಲಿ ದುಡ್ಡು ಮೋಸ ಹೋದರೆ 1930. ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿದೆ.

ಐದನೆಯದು, ಕಾಯಿದೆಯ ಹೆಸರು ತಿಳಿದಿರಲಿ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ನಾವು ‘498ಎ’ ಎನ್ನುತ್ತಿದ್ದುದು ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ವರದಕ್ಷಿಣೆ ಸಾವು 80ನೇ ಕಲಮು. ಬೆನ್ನು ಹತ್ತಿ ಕಾಡುವುದು, ಹೆಣ್ಣಿನ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು 78ನೇ ಕಲಮು. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯಿದೆಯಲ್ಲಿ ಹೊಡೆತ ಮಾತ್ರವಲ್ಲ, ಬೈಗುಳ, ಅವಮಾನ, ಹಣಕಾಸಿನ ಹಿಂಸೆ ಎಲ್ಲವೂ ಹಿಂಸೆಯೇ. ನಿಮ್ಮ ದುಡಿಮೆಯ ದುಡ್ಡು, ತವರಿನ ಒಡವೆ ಕಿತ್ತುಕೊಳ್ಳುವುದು ಅದರಲ್ಲಿ ಬರುತ್ತದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಂರಕ್ಷಣಾಧಿಕಾರಿಗೆ ದೂರು ಕೊಟ್ಟರೆ, ರಕ್ಷಣೆಯ ಆದೇಶ, ವಾಸದ ಹಕ್ಕು, ಜೀವನಾಂಶ ಕೇಳಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಗೆಳತಿಯರೇ, ಆ ಇಬ್ಬರು ವಿಜ್ಞಾನಿಗಳ ಕೆಲಸದಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಅವರ ಕಂಪ್ಯೂಟರಲ್ಲ. ಮನೆಗೆಲಸದ ಹೆಂಗಸಿನ ಪಕ್ಕ ಕೂತು, ‘ನಿನಗೆ ಇದು ಯಾಕೆ ತಿಳಿಯಲಿಲ್ಲ’ ಎನ್ನುವ ಬದಲು ‘ನಿನಗೆ ಏನು ಕಾಣುತ್ತಿದೆ ಹೇಳಮ್ಮ’ ಎಂಬ ಮನಸ್ಸಿನಿಂದ ಕೇಳಿದರಲ್ಲ, ಅದು ದೊಡ್ಡದು. ಹಾಗೆ ಕೇಳುವುದಕ್ಕೆ ಡಾಕ್ಟರೇಟ್ ಬೇಕಾಗಿಲ್ಲ. ಪ್ರತಿ ವಾರ ಚಾಪೆ ಹಾಸಿ ಕೂರುವ ನಮಗೆ ಆ ವಿದ್ಯೆ ಬರುತ್ತದೆ.

ಆದ್ದರಿಂದ ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ದುಡ್ಡು ಎಣಿಸಿದ ಮೇಲೆ ಪ್ರತಿಯೊಬ್ಬ ಸದಸ್ಯೆಯನ್ನು ನಾಲ್ಕು ಪ್ರಶ್ನೆ ಕೇಳಿ. ಮನೆಯಲ್ಲಿರುವ ಫೋನು ಯಾರ ಹೆಸರಿನಲ್ಲಿದೆ? ನಿನ್ನ ಬ್ಯಾಂಕಿನ ಮೆಸೇಜು ಯಾರ ನಂಬರಿಗೆ ಬರುತ್ತದೆ? ತವರಿನವರ ಜೊತೆ ಯಾರೂ ಪಕ್ಕದಲ್ಲಿಲ್ಲದೆ ಮಾತಾಡಲು ನಿನಗೆ ಆಗುತ್ತದೆಯೇ? ರಾತ್ರಿ ಹೊಡೆತ ಬಿದ್ದರೆ ಯಾರ ಫೋನಿನಿಂದ, ಯಾರಿಗೆ ಕರೆ ಮಾಡುತ್ತೀ? ಯಾರ ಮನೆಗೂ ಸುದ್ದಿ ಹೋಗದಂತೆ, ಹೆಸರು ಬರೆಯದೆ, ಬರೀ ಗೆರೆ ಹಾಕಿ ಲೆಕ್ಕ ಮಾಡಿ. ನಾಲ್ಕನೆಯ ಪ್ರಶ್ನೆಗೆ ಸುಮ್ಮನೆ ಕೂತವಳನ್ನು ಗಮನಿಸಿ. ಸಭೆ ಮುಗಿದ ಮೇಲೆ ಅವಳ ಜೊತೆ ಬೀದಿಯ ಕೊನೆಯವರೆಗೆ ನಡೆದುಹೋಗಿ. ನಿಮ್ಮ ನಂಬರನ್ನು ಅವಳಿಗೆ ಬಾಯಿಪಾಠ ಮಾಡಿಸಿ.